ಹುಳುಮನೆಯಲ್ಲಿ ನಲವತ್ತು ಸೆಕೆಂಡು

“ಲೇ, ಹುಳ ಮೇಯೋದನ್ನ ನಿನ್ನ ಡಬ್ಬಿ ಹಿಡಿಯುತ್ತೇನೋ?”

ಸುಗಟೂರಿನ ಪಾಪಕ್ಕ ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ಪಾಪಕ್ಕ ನನ್ನ ದೊಡ್ಡಪ್ಪನ ಮಗಳು. ಡಬ್ಬಿ ಅಂದರೆ ನನ್ನ ಕ್ಯಾಮೆರಾ. (ಸೆಕೆಂಡ್ ಹ್ಯಾಂಡು. ನನ್ನ ಹಳೇ ಓದುಗರಿಗೆ ಅದರ ಗುಣ ಗೊತ್ತೇ ಇದೆ.) ಹುಳ ಅಂದರೆ ರೇಷ್ಮೆ ಹುಳು.

ಅಕ್ಕ ನಗಲಿಲ್ಲ. ಭಾವ ಯುದ್ಧಕ್ಕೆ ಹೋಗಿ ಎರಡು ವರ್ಷ. ಹೋದ ಸಲ ಹುಳುವೆಲ್ಲ ರೋಗ ಬಂದು ಸತ್ತಿದ್ದವು. ಸುದ್ದಿ ತಿಳಿದು ಭಾವ ಬರೆದಿದ್ದರು: ಹಿಪ್ಪುನೇರಳೆ ತೋಟ ಕಿತ್ತು ರಾಗಿ ಹಾಕಿಸು, ಒಬ್ಬಳೇ ಒದ್ದಾಡಬೇಡ. ಈ ಸಲ ಹುಳು ಚೆನ್ನಾಗಿವೆ ಎಂದು ಅಕ್ಕ ಎರಡು ಕಾಗದ ಬರೆಸಿದ್ದಳು.

“ನಂಬಲ್ಲ ಕಣೋ. ಧೈರ್ಯಕ್ಕೆ ಹೇಳ್ತೀನಿ ಅಂದ್ಕೊಂಡವ್ರೆ. ಕಣ್ಣಾರೆ ನೋಡ್ಲಿ.”

ಹುಳು ಹಣ್ಣಾಗಿ ಗೂಡು ಕಟ್ಟಲು ಮೂರು ದಿನ ಬಾಕಿ. ನನ್ನ ಹತ್ತಿರ ಇದ್ದದ್ದೂ ಚಿತ್ರ ಮೂಡಿಸುವ ಗಾಜಿನ ಪ್ಲೇಟು ಮೂರೇ. ಈ ಯುದ್ಧದ ಕಾಲದಲ್ಲಿ ನಾಲ್ಕನೆಯದು ಎಲ್ಲಿ ಸಿಗಬೇಕು?

ಹುಳುಮನೆಗೆ ಒಂದೇ ಕಿಟಕಿ. ಫ್ಲಾಶ್ ಪೌಡರ್ ಸುಟ್ಟು ಬೆಳಕು ಮಾಡಲೇ ಎಂದೆ. “ಬೀಡಿ ಸೇದಿ ಬಂದೋರನ್ನೇ ಬಾಗಿಲಲ್ಲಿ ನಿಲ್ಲಿಸ್ತೀನಿ. ನೀನು ಹೊಗೆ ಹಾಕ್ತೀಯಾ?”

ಸರಿ. ಉಳಿದದ್ದು ಒಂದೇ ದಾರಿ. ಲೆನ್ಸಿನ ಮುಚ್ಚಳ ತೆಗೆದು, ಇರುವ ಬೆಳಕು ಸಾಕಷ್ಟು ಒಳಗೆ ಬರುವ ತನಕ ಕಾಯುವುದು. ಎಷ್ಟು ಹೊತ್ತು? ಅದೇ ಪ್ರಶ್ನೆ.

ಮೊದಲ ದಿನ ಅಂದಕ್ಕಿರಲಿ ಎಂದು ಕಿಟಕಿಯನ್ನೂ ಸೇರಿಸಿಕೊಂಡೆ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ ಕೋಲಾರದ ನನ್ನ ಮನೆಗೆ ಬಂದು, ಬೆಳಕು ನುಸುಳದಂತೆ ಬಚ್ಚಲುಮನೆ ಬಾಗಿಲಿಗೆ ಕಂಬಳಿ ಕಟ್ಟಿ, ಪ್ಲೇಟು ತೊಳೆದು ಪ್ರಿಂಟು ಹಾಕಿದೆ. ಚಿತ್ರದಲ್ಲಿ ಕಿಟಕಿ ಧಗಧಗ ಉರಿಯುತ್ತಿತ್ತು. ಅಕ್ಕ, ಹುಳು, ಹುಳು ಸಾಕುವ ಬಿದಿರು ತಟ್ಟೆ ಎಲ್ಲವೂ ಮಸಿ!

ಎರಡನೆಯ ದಿನ ಕಿಟಕಿಯನ್ನು ಬೆನ್ನಿಗೆ ಹಾಕಿಕೊಂಡೆ. ಲೆನ್ಸಿನ ಕಿಂಡಿ ಪೂರ್ತಿ ತೆರೆದು ಐದು ಸೆಕೆಂಡು. ಬೆಳಕೇನೋ ಸರಿಯಾಯಿತು. ಆದರೆ ಮುಂದಿನ ತಟ್ಟೆಯೊಂದೇ ತಿಳಿ, ಅದರ ಹಿಂದೆ ಕೂತ ಅಕ್ಕ ಬರೀ ಮಂಜು. “ಇದ್ಯಾರೋ?” ಅಂದಳು ಅಕ್ಕ, ಪ್ರಿಂಟು ನೋಡಿ.

ಕಿಂಡಿ ಕಿರಿದು ಮಾಡಿದರೆ ಹತ್ತಿರದ್ದೂ ದೂರದ್ದೂ ಎರಡೂ ತಿಳಿಯಾಗುತ್ತದೆ. ಆದರೆ ಬೆಳಕು ಹನಿಹನಿಯಾಗಿ ಬರುತ್ತದೆ. ಲೆಕ್ಕ ಹಾಕಿದೆ. ನಲವತ್ತು ಸೆಕೆಂಡು! ಮನುಷ್ಯರಾದವರು ಅಷ್ಟು ಹೊತ್ತು ಅಲುಗದೆ ಕೂರುತ್ತಾರೆಯೇ? (ಓದುವುದು ನಿಲ್ಲಿಸಿ ಪ್ರಯತ್ನಿಸಿ ನೋಡಿ. ಹತ್ತಕ್ಕೇ ಮೂಗು ಕೆರೆಯುತ್ತದೆ.)

ಮೂರನೆಯ ದಿನ ಅಕ್ಕನ ತಲೆ ಕಂಬಕ್ಕೆ ಆನಿಸಿ ಕೂರಿಸಿದೆ. ಅಲ್ಲಿಂದಲೇ ಅವಳು ನನಗೆ ಪಾಠ ಹೇಳಿದಳು. “ಡಬ್ಬಿ ಮೇಲೆತ್ತೋ. ಅಲ್ಲಿಂದ ತಟ್ಟೆ ಅಂಚು ಕಾಣುತ್ತೆ, ಹುಳ ಎಲ್ಲಿ ಕಾಣುತ್ತೆ?”

ಹೌದಲ್ಲ! ಸ್ಟ್ಯಾಂಡನ್ನು ಬೆಂಚಿನ ಮೇಲೆ ಏರಿಸಿ, ಅಲುಗದಂತೆ ಕಾಲುಗಳಿಗೆ ಕಲ್ಲು ಒತ್ತಿಟ್ಟೆ. ಮುಚ್ಚಳ ತೆಗೆದೆ. ಕಣ್ಣು ಗಡಿಯಾರದ ಮೇಲೆ. ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು. ಹೊರಗೆ ಎಮ್ಮೆ ಕೂಗಿತು. ಅಕ್ಕ ಅಲುಗಲಿಲ್ಲ.

ಪ್ರಿಂಟು ಬಂತು. ತಟ್ಟೆಯ ಬಿದಿರು ಒಂದೊಂದೂ ಎಣಿಸುವಷ್ಟು ತಿಳಿ. ಅಕ್ಕನ ಮುಖವೂ ತಿಳಿ. ಹುಳು? ನಲವತ್ತು ಸೆಕೆಂಡೂ ತಲೆ ಆಡಿಸುತ್ತಾ ಮೇಯ್ದಿವೆ. ಮೈ ಇದೆ, ತಲೆಯ ಜಾಗದಲ್ಲಿ ಬಿಳಿ ಹೊಗೆ. ಪ್ಲೇಟು ಮುಗಿದಿತ್ತು. ಮಾರನೆಯ ದಿನ ಸಪ್ಪೆ ಮೋರೆ ಹಾಕಿಕೊಂಡು ಹೋಗಿ ಅದನ್ನೇ ಕೊಟ್ಟೆ.

ಬೆರಗಾದರೆ ಅಕ್ಕನಿಗೆ ತೆಲುಗು ಬರುತ್ತದೆ. “ಏಮಿರಾ ಇದಿ! ತಲೆ ಆಡಿಸ್ತಾವಲ್ಲೋ! ಸತ್ತ ಹುಳ ಆಗಿದ್ರೆ ಪಟದಲ್ಲಿ ನೆಟ್ಟಗೆ ಬೀಳ್ತಿತ್ತು. ಮೇಯ್ತಾ ಇರೋ ಹುಳಾನೇ ಹಿಂಗೆ ಬೀಳೋದು. ಇದನ್ನೇ ಕಳಿಸು.”

ನಾನು ದೋಷ ಅಂದುಕೊಂಡದ್ದೇ ಅವಳಿಗೆ ಸಾಕ್ಷಿ.

ಕಳಿಸಿದೆವು. ಮೊನ್ನೆ ಭಾವನ ಉತ್ತರ ಬಂತು. ನಾನೇ ಓದಿ ಹೇಳಿದೆ. “ತೋಟ ಕೀಳಿಸಬೇಡ. ಹುಳು ಮೇಯುವುದು ಕಂಡೆ.” ಅಕ್ಕ ಗೆದ್ದವಳಂತೆ ನನ್ನತ್ತ ನೋಡಿದಳು. ಕೆಳಗೆ ಇನ್ನೊಂದು ಸಾಲಿತ್ತು. “ನೀನು ಯಾಕೆ ಇಷ್ಟು ಸೊರಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ?”

ಅಕ್ಕ ಕಾಗದ ಇಸಿದುಕೊಂಡಳು. ಓದಲು ಬಾರದು. “ಆ ಸಾಲು ಎಲ್ಲೈತೆ, ತೋರಿಸು” ಎಂದಳು.

ಮೂರು ದಿನ ಎದುರಿಗೇ ನಿಂತು ಬೆಳಕು ಅಳೆದವನು ನಾನು. ಸಮುದ್ರದಾಚೆ ಇರುವ ಭಾವನಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ?