ಮಾಳಿಗೆಯಿಂದ ತೆಗೆದ ಫೋಟೋ

ನಾನು ಮೊದಲೇ ಪುಕ್ಕಲಿ. ನವಲಗುಂದ ಕಡೆಯ ನಮ್ಮೂರಿಗೆ ಕುಡಿಯುವ ನೀರಿನ ಕೆರೆ ಒಂದೇ, ಅದೂ ನಮ್ಮ ಮನೆಯ ಹಿಂದೆ. ಹೋದ ವರ್ಷ ಊರ ಸಾವಕಾರರ ಆಳುಗಳು ಅವರ ಟ್ರ್ಯಾಕ್ಟರನ್ನು ಕೆರೆಗೆ ಇಳಿಸಿ, ಹತ್ತಿಗೆ ಔಷಧ ಹೊಡೆಯುವ ಟ್ಯಾಂಕು ತೊಳೆಯುತ್ತಿದ್ದರು. ಅದೇ ನೀರನ್ನು ನನ್ನ ಮಗಳು ಬಾಟಲಿಯಲ್ಲಿ ಶಾಲೆಗೆ ಒಯ್ಯುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಮಾಳಿಗೆ ಮೇಲೆ ನಿಂತು ಫೋಟೋ ತೆಗೆದೆ.

ಆದರೆ ಬಾಯಿ ಬಿಡುವಂತಿರಲಿಲ್ಲ. ನಾವು ಲಾವಣಿಗೆ, ಅಂದರೆ ಗೇಣಿಗೆ, ಮಾಡುವುದು ಸಾವಕಾರರ ಹೊಲವನ್ನೇ. ಯುಗಾದಿಯಿಂದ ಯುಗಾದಿಗೆ ಬರೀ ಬಾಯಿಮಾತಿನ ಮೇಲೆ ನಡೆದುಬಂದದ್ದು.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವ ತಮ್ಮ ದೀಪಾವಳಿಗೆ ಬಂದಾಗ, ಹೆಸರು ಗೊತ್ತಾಗದಂತೆ ಫೋಟೋ ಕಳಿಸುವುದು ಹೇಗೆಂದು ಕೇಳಿದೆ. ಅವನು ಅನಾಮಧೇಯ ಜಾಲದ ಬ್ರೌಸರ್ ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟ.

"ಅಕ್ಕಾ, ಬಸ್ಸಿನಾಗ ಬುತ್ತಿ ಕಳಸಿದಂಗ ತಿಳಕೊ. ಮೂರು ಬಸ್ಸು ಬದಲಾಗತೈತಿ. ಮೊದಲನೇ ಕಂಡಕ್ಟರಗ ಕೊಟ್ಟಾಕಿ ನೀ ಅಂತ ಗೊತ್ತು, ಯಾರಿಗಿ ಮುಟ್ಟತೈತಿ ಗೊತ್ತಿಲ್ಲ. ಕಡೀದಾವಗ ಯಾರಿಗಿ ಮುಟ್ಟಸಬೇಕು ಗೊತ್ತು, ಕೊಟ್ಟಾಕಿ ಯಾರು ಗೊತ್ತಿಲ್ಲ."

"ಫೋನ್ ಕಂಪನಿಯವರಿಗಿ?"

"ನೀ ಬಸ್ಸಿಗಿ ಕೊಟ್ಟಿದ್ದಷ್ಟ ಕಾಣತೈತಿ. ಮುಂದ ಎಲ್ಲಿಗಿ ಹೋತು ತಿಳಿಯಂಗಿಲ್ಲ."

ಫೋಟೋದೊಳಗೆ ಅಡಗಿರುವ ಊರು, ವೇಳೆಯ ಗುರುತು ಎಲ್ಲವನ್ನೂ ಅವನೇ ಅಳಿಸಿದ. ಆ ದಾರಿಯಲ್ಲಿ ಒಂದು ಪತ್ರಿಕೆಗೆ ಕಳಿಸಿದೆ.

ಫೋಟೋ ಅಚ್ಚಾಯಿತು. ಕಳಿಸಿದವರು ಯಾರೆಂದು ಊರಲ್ಲಿ ತಲೆಗೊಂದು ಮಾತು. "ಯಾರಿರಬೇಕ್ರಿ?" ಎಂದು ನಾನೂ ನಾಟಕದವಳ ಹಾಗೆ ಕೇಳಿದೆ. ಮನೆಗೆ ಬಂದು ಪತ್ರಿಕೆಯನ್ನು ಸರಿಯಾಗಿ ನೋಡಿದೆ. ಫೋಟೋದ ಮೂಲೆಯಲ್ಲಿ, ಮಳೆ ಒಳಗೆ ಬೀಳದಿರಲೆಂದು ಮಾಳಿಗೆಯ ಬೆಳಕಿಂಡಿಗೆ ನಾನೇ ಕವುಚಿಟ್ಟ ನೀಲಿ ಪ್ಲಾಸ್ಟಿಕ್ ಬುಟ್ಟಿ! ಜಾಲ ನನ್ನ ಫೋನನ್ನು ಮುಚ್ಚಿತ್ತು, ಮಾಳಿಗೆಯನ್ನಲ್ಲ. ಓಡಿಹೋಗಿ ಬುಟ್ಟಿ ತೆಗೆದೆ. ಆದರೆ ಕೆರೆ ಅಷ್ಟು ಹತ್ತಿರದಿಂದ ಕಾಣುವ ಮಾಳಿಗೆ ನಮ್ಮದೊಂದೇ. ಅದನ್ನು ಎಲ್ಲಿ ಬಚ್ಚಿಡಲಿ? ಗಂಡನಿಗೂ ಹೇಳಲಿಲ್ಲ.

ಮರುದಿನವೇ ಸಾವಕಾರರು ಬಂದರು. ಗಂಡ ಹೊಲಕ್ಕೆ ಹೋಗಿದ್ದ.

"ಬರ್ರಿ ಸಾವಕಾರ್ರ," ಎಂದು ನೀರು ಕೊಟ್ಟೆ. ಲೋಟ ಹಿಡಿದರು, ಕುಡಿಯಲಿಲ್ಲ.

"ನಿಮ್ಮ ಮಾಳಗಿ ಒಂಚೂರು ಏರಲೇನವಾ ತಂಗಿ?"

ಏಣಿ ತೋರಿಸಿದೆ. ಅವರು ಏಣಿ ಏರಿದರು. ಅವರ ಹೆಜ್ಜೆ ಕೆರೆಯ ಕಡೆಯ ಅಂಚಿನವರೆಗೆ ಹೋದದ್ದು ಕೇಳಿಸಿತು. ಕೆಳಗೆ ನಾನು ಕಂಬ ಹಿಡಿದು ನಿಂತಿದ್ದೆ. ಇಳಿದು ಬಂದು ಕೈ ಝಾಡಿಸಿಕೊಂಡರು.

"ಮ್ಯಾಲ ಗಾಳಿ ಅಗದಿ ಚಲೋ ಐತಿ."

ಫೋಟೋದ ಸುದ್ದಿಯನ್ನೇ ಎತ್ತಲಿಲ್ಲ. ಚಪ್ಪಲಿ ಮೆಟ್ಟುತ್ತ, ಮಗಳ ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳುವಷ್ಟೇ ಸಲೀಸಾಗಿ ಅಂದರು: "ನಿನ್ನ ಗಂಡಗ ಹೇಳು. ಬರೂ ಯುಗಾದಿಯಿಂದ ಹೊಲಾ ನಾವ ಮಾಡತೇವಿ."

ಏನೂ ಅರಿಯದವಳಾಗಿದ್ದರೆ "ಯಾಕ್ರಿ?" ಎಂದು ಕೇಳುತ್ತಿದ್ದೆ. ನಾನು "ಹೂನ್ರಿ" ಎಂದೆ.