ತಣ್ಣೀರಿಗೆ ಏಳುವ ಅತಿಥಿ

ಸಿಂಗಪುರದ ಉತ್ತರ ತುದಿ. ಇನ್ನೂ ಬೆಳಕು ಹರಿದಿಲ್ಲ. ಬಿಸಿನೀರ ಬುಗ್ಗೆಯ ಬೇಲಿಯೊಳಗೆ ಹಬೆ ಮಂಡಿಯೆತ್ತರ ನಿಂತಿದೆ. ನೆಲದಡಿಯಲ್ಲಿ ಬುಳುಬುಳು ಸದ್ದು, ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ. ಕಾವಲುಗಾರ ಗುರುಮೂರ್ತಿ ಗೇಟು ತೆಗೆದು ನನ್ನನ್ನೂ ಒಳಗೆ ಕರೆದುಕೊಂಡವರೇ ಮತ್ತೆ ಚಿಲಕ ಹಾಕುತ್ತಾರೆ. ಟಾರ್ಚು ನೆಲಕ್ಕೇ ಹಿಡಿಯುತ್ತಾರೆ. ಬಿಸಿನೀರಿನ ಕೊಳವೆಗೆ ಎರಡು ಸುತ್ತು ಹಾಕಿಕೊಂಡು ಹೆಬ್ಬಾವೊಂದು ಮಲಗಿದೆ. ಮುಂಭಾಗವೆಲ್ಲ ಚರಂಡಿಯ ಕತ್ತಲಲ್ಲಿ.

"ಇಷ್ಟೇ ಕಾಣೋದು. ಮೂರು ವರ್ಷ ಆಯ್ತು, ತಲೆ ನೋಡಿಲ್ಲ. ಹುಡುಕೋಕೂ ಹೋಗಿಲ್ಲ."

ನೆಲ ಬೆಚ್ಚಗಿರುವ ಕಡೆ ಕೆಳಗೆ ಯಾರೋ ಉಸಿರಾಡುತ್ತಿರುತ್ತಾರೆ, ಅಲ್ಲಿ ಗಟ್ಟಿಯಾಗಿ ಮಾತಾಡಬಾರದು ಎನ್ನುತ್ತಿದ್ದಳು ನನ್ನಜ್ಜಿ. ನನ್ನ ದನಿ ತಾನಾಗಿಯೇ ತಗ್ಗುತ್ತದೆ.

ನಂಜನಗೂಡಿನ ಗುರುಮೂರ್ತಿ ಇಲ್ಲಿಗೆ ಬಂದದ್ದು ಹಡಗು ಕಟ್ಟುವಲ್ಲಿ ವೆಲ್ಡರ್ ಆಗಿ. ಬೆನ್ನು ಕೈಕೊಟ್ಟ ಮೇಲೆ ಈ ಗೇಟು ಸಿಕ್ಕಿತು. ಟೋವಾ ಪಾಯೋದ ಮನೆಯಿಂದ ದಿನಾ ಮೊದಲ ಎಂಆರ್‌ಟಿ ರೈಲು ಹಿಡಿಯುತ್ತಾರೆ. ಗೋಡೆಯಾಚೆಯ ಕಾಡು ಕಡಿದು ಕಾಂಡೋ ಕಟ್ಟಡಗಳು ಏಳತೊಡಗಿದ ವರ್ಷವೇ ಹಾವೂ ಬಂತು. ಯಾರ ಕಣ್ಣಿಗಾದರೂ ಬಿದ್ದರೆ ಹಾವು ಹಿಡಿಯುವವರು ಬಂದು ಅದನ್ನು ಗೋಣಿಗೆ ತುಂಬಿ ಒಯ್ಯುತ್ತಾರೆ. ಮುಚ್ಚಿಟ್ಟ ತಪ್ಪಿಗೆ ಗುರುಮೂರ್ತಿಯವರ ಕೆಲಸವೂ ಹೋಗುತ್ತದೆ.

ಗೇಟು ಅಲುಗುತ್ತದೆ. ಸೆರಂಗೂನಿನ ಶಾಮಲಾ, ಮಂಡಿನೋವಿಗೆ ಕಾಲು ನೆನೆಸಲು ಬಕೆಟ್ ಹಿಡಿದು ಬಂದಿದ್ದಾರೆ. "ಅಂಕಲ್, ಇವತ್ತೂ ಲೇಟಾ? ನಿಮ್ಮ ಗೇಟ್ ಓಪನ್ ಆಗೋಷ್ಟರಲ್ಲಿ ನನ್ನ ಮಂಡಿ ರಿಟೈರ್ ಆಗುತ್ತೆ."

"ನೀರು ಇನ್ನೂ ಎದ್ದಿಲ್ಲ ಮೇಡಂ."

ಗುರುಮೂರ್ತಿ ರಬ್ಬರ್ ಪೈಪಿನಿಂದ ಕೊಳವೆಯ ಮೇಲೆ ಸಣ್ಣಗೆ ತಣ್ಣೀರು ಬಿಡುತ್ತಾರೆ. ಹಾವು ಅಲುಗುವುದಿಲ್ಲ. ನೆಲದಡಿಯ ಸದ್ದೂ ನಿಂತುಹೋದಂತಿದೆ. ಶಾಮಲಾ ಮತ್ತೆ ಗೇಟು ಅಲುಗಿಸುತ್ತಾರೆ. ಆಗ ಸುತ್ತು ಸಡಿಲವಾಗುತ್ತದೆ. ಮೈ ಸದ್ದಿಲ್ಲದೆ ಚರಂಡಿಗೆ ಹರಿಯುತ್ತದೆ. ಮುಗಿಯಿತು ಅಂದುಕೊಳ್ಳುವಾಗ ಕೊಳವೆಯ ಹಿಂದಿನಿಂದ ಇನ್ನಷ್ಟು, ಮತ್ತೂ ಇನ್ನಷ್ಟು. ಕೊನೆಗೆ ಒದ್ದೆ ಸಿಮೆಂಟು ಮಾತ್ರ.

ಈ ತಿಂಗಳಿಗೆ ಗುರುಮೂರ್ತಿಯವರ ಕೆಲಸ ಮುಗಿಯುತ್ತದೆ. ಇದನ್ನೆಲ್ಲ ಬರೆಯಲೇ ಎಂದು ನಾನು ಕೇಳಿದರೆ, ಆಫೀಸಿನಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದು ನಗುತ್ತಾರೆ. ಮುಂದೆ ಬರುವವನಿಗೆ ಒಂದೇ ಮಾತು ಹೇಳಿಟ್ಟಿದ್ದಾರಂತೆ: ಮೊದಲು ತಣ್ಣೀರು, ಆಮೇಲೆ ಗೇಟು. ಯಾಕೆ ಎಂದು ಅವನು ಕೇಳಿದ್ದಕ್ಕೆ, ಕೊಳವೆ ಕ್ಲೀನ್ ಆಗುತ್ತೆ ಅಂದರಂತೆ. ಆ ಮಾತೊಂದನ್ನು ಅವನು ನಡೆಸಿಕೊಂಡು ಹೋದರೆ ಸಾಕು ಎಂಬುದಷ್ಟೇ ಅವರ ಆಸೆ.

ಆದರೆ ಆಳು ಬದಲಾದರೆ ಹಾವಿಗೆ ತಿಳಿಯುವುದಿಲ್ಲವೇ ಎಂದು ಕೇಳುತ್ತೇನೆ.

ಗುರುಮೂರ್ತಿ ಚಿಲಕಕ್ಕೆ ಕೈಹಾಕುತ್ತಾರೆ. "ಅದೂ ನನ್ನ ಮುಖ ನೋಡಿಲ್ಲಮ್ಮ. ತಣ್ಣೀರು ಬಿದ್ರೆ ಎದ್ದು ಹೋಗ್ಬೇಕು ಅಂತ ಗೊತ್ತು. ಅಷ್ಟು ಕಲಿಸಿದ್ದೀನಿ."