ವಿಮಾನ ನಿಂತಿತ್ತು, ನೆರಳು ಓಡಿತು

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ದೊಡ್ಡಮ್ಮ ಯಾರಿಗೂ ಬಿಡಲಿಲ್ಲ. ವಿಮಾನ ನಿಲ್ದಾಣ ಬಂದು ವರ್ಷಗಳಾದರೂ ನನ್ನ ಅಮ್ಮನ ಈ ಅಕ್ಕ ವಿಮಾನವನ್ನು ಹತ್ತಿರದಿಂದ ನೋಡಿರಲಿಲ್ಲ. ನನಗೆ ಮಾತ್ರ ರೈಲಿನದೇ ಚಿಂತೆ. ಡೇರಿಗೆ ಹಾಲು ಹಾಕಲು ಅವಳು ದಿನಾ ಎರಡು ಹೊತ್ತು ರೈಲು ಹಳಿ ದಾಟುತ್ತಾಳೆ. ರೈಲು ಬರುವುದು ಕಂಡರೂ ನಿಲ್ಲುವುದಿಲ್ಲ.

"ಮೊಪೆಡ್ ಬಂದ್ರೆ ನಿಲ್ತೀಯ, ರೈಲಿಗೆ ಯಾಕೆ ನಿಲ್ಲಲ್ಲ?" ಎಂದು ದಾರಿಯಲ್ಲಿ ರೇಗಿದೆ.

"ಮೊಪೆಡ್ಡು ಸರ್ರಂತ ಬರ್ತೈತೆ ಕಣೇ. ರೈಲು ಅಷ್ಟು ದಪ್ಪ, ತೆವಳ್ಕೊಂಡು ಬರ್ತೈತೆ. ನಂಗೇನ್ ಕಣ್ಣಿಲ್ವಾ?"

ದೇವನಹಳ್ಳಿಯಲ್ಲಿ ಇಡ್ಲಿ ತಿಂದು, ಒಂದು ಚಕ್ಕೋತ ಕೊಂಡು, ಆಟೋ ಹಿಡಿದೆವು. ನಿಲ್ದಾಣದ ಬೇಲಿಯಾಚೆಯ ರಾಗಿ ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಪೂರ್ವದಲ್ಲಿ ಭಾರಿ ವಿಮಾನವೊಂದು ಇಳಿಯುತ್ತಿತ್ತು. ಇಳಿಯುತ್ತಿತ್ತು ಅನ್ನುವುದು ಹೆಸರಿಗಷ್ಟೇ, ಕಣ್ಣಿಗೆ ಅದು ಅಲ್ಲಾಡದೆ ನಿಂತಿತ್ತು.

"ಅಯ್ಯೋ, ನಿಂತೇಬಿಡ್ತಲ್ಲೇ! ಬೀಳಲ್ವಾ?" ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಅಷ್ಟರಲ್ಲಿ ಅದರ ನೆರಳು ಹೊಲದ ಮೇಲೆ ನುಗ್ಗಿತು. ನಮ್ಮ ಕಾಲ ಮೇಲೆ ಹಾದು, ತಿರುಗಿ ನೋಡುವಷ್ಟರಲ್ಲಿ ಬೇಲಿ ದಾಟಿಬಿಟ್ಟಿತ್ತು. ಮೇಲೆ ವಿಮಾನ ಮಾತ್ರ ಯಾವ ಅವಸರವೂ ಇಲ್ಲದೆ ಸಾಗುತ್ತಿತ್ತು. ಎರಡರದೂ ಒಂದೇ ವೇಗ! ದೊಡ್ಡಮ್ಮ ಒಮ್ಮೆ ನೆಲ, ಒಮ್ಮೆ ಆಕಾಶ ನೋಡುತ್ತಾ ನಿಂತೇ ಇದ್ದಳು.

"ದೊಡ್ಡ ವಸ್ತು ತನ್ನ ಮೈಯುದ್ದ ದಾಟೋಕೆ ಹೊತ್ತು ಹಿಡಿಯುತ್ತೆ ದೊಡ್ಡಮ್ಮ. ಕಣ್ಣು ಅದನ್ನೇ ನಿಧಾನ ಅಂದ್ಕೊಂಡ್ಬಿಡುತ್ತೆ. ರೈಲೂ ಹಂಗೇನೇ."

"ಸುಮ್ನಿರೇ, ದೊಡ್ಡ ಮೇಷ್ಟ್ರು ನೀನು" ಎಂದಳು. ಆದರೆ ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಆಕಾಶವನ್ನೇ ನೋಡುತ್ತಿದ್ದಳು.

ಸಂಜೆ ಊರ ಹತ್ತಿರ ಇಳಿದಾಗ ಹಾಲು ಕರೆಯುವ ಹೊತ್ತಾಗಿತ್ತು. ದೊಡ್ಡಮ್ಮ ಬಿರಬಿರನೆ ನಡೆದಳು. ಹಳಿಯ ಬಳಿ ಬಂದರೆ, ದೂರದಲ್ಲಿ ರೈಲು. ಎಲ್ಲ ಗೊತ್ತಿದ್ದೂ ನನ್ನ ಕಣ್ಣಿಗೆ ಅದು ನಿಧಾನವಾಗಿಯೇ ಕಂಡಿತು, ಆರಾಮಾಗಿ ದಾಟಬಹುದು ಅನ್ನಿಸಿತು. ಜಲ್ಲಿಕಲ್ಲಿನ ಮೇಲೆ ಕಾಲಿಟ್ಟವಳು ತಡೆದು ನಿಂತು, ನನ್ನ ಕೈ ಹಿಡಿದಳು.

"ಈಗ್ಲೂ ತೆವಳ್ತಾನೇ ಐತಲ್ಲೇ..."

ಮಾತು ಮುಗಿಯುವ ಮೊದಲೇ ಇಂಜಿನ್ನು ನಮ್ಮೆದುರು ಅಬ್ಬರಿಸಿತು. ನೆಲ ನಡುಗಿತು, ಗಾಳಿಗೆ ಸೆರಗು ಹಾರಿತು. ಕೊನೆಯ ಬೋಗಿ ಹೋದ ಮೇಲೂ ಅವಳು ದಾಟಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತಳು.

"ಮೊಮ್ಮಗಳನ್ನ ಸೊಂಟದ ಮೇಲೆ ಕೂರಿಸ್ಕೊಂಡು ದಾಟಿದೀನಿ ಕಣೇ" ಎಂದಳು.